ಸಿಗರೇಟು ಬಿಡುವವರ ಸುತ್ತಮುತ್ತ

ಸಿಗರೇಟು ಬಿಡಲು ಹೊರಟವರಿಗೆ ಜನ ಕೊಡುವ ಸಲಹೆಯೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬಿಟ್ಟವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಬಿಡಲಾಗದವರು ಇದೇ ಮಾತನ್ನು ಹಿಡಿದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಇದರಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳಲಾರೆ. ನಿರ್ಧಾರ ಮಾಡದೆ ಯಾವ ಚಟವೂ ತಾನಾಗಿ ಬಿಟ್ಟುಹೋಗುವುದಿಲ್ಲ. ಆದರೆ ಹಲವು ವರ್ಷಗಳಿಂದ ಈ ವಿಷಯದ ಬಗ್ಗೆ ಓದುತ್ತ, ಹತ್ತಿರದವರು ಬಿಡುವುದನ್ನೂ ಬಿಟ್ಟವರು ಮತ್ತೆ ಹಿಡಿಯುವುದನ್ನೂ ನೋಡುತ್ತ ಬಂದಿರುವ ನನಗೆ, ಮನಸ್ಸಿನ ಗಟ್ಟಿತನಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ ಎಂದು ದೃಢವಾಗಿ ಅನ್ನಿಸಿದೆ. ಆ ಮನುಷ್ಯನ ಸುತ್ತ ಯಾರಿದ್ದಾರೆ, ಕೈಯಲ್ಲಿ ಎಷ್ಟು ಹಣವಿದೆ, ಎಂಥ ಕೆಲಸ ಮಾಡುತ್ತಾನೆ, ತಿಂಗಳ ಕೊನೆಗೆ ಯಾರ ಮುಂದೆ ಕೈಚಾಚಬೇಕಾಗಿದೆ ಎಂಬ ಪ್ರಶ್ನೆಗಳು ಅವು.

ಹೀಗೆ ಹೇಳಲು ಬರೀ ಅನುಕಂಪ ಕಾರಣವಲ್ಲ. 2009ರಲ್ಲಿ ಇಂಗ್ಲೆಂಡಿನ ಸಮೀಕ್ಷೆಗಳನ್ನು ಆಧರಿಸಿ ಡೇನಿಯಲ್ ಕಾಟ್ಸ್ ಮತ್ತು ರಾಬರ್ಟ್ ವೆಸ್ಟ್ ಎಂಬ ಸಂಶೋಧಕರು ಒಂದು ಸರಳವಾದ ಪ್ರಶ್ನೆ ಕೇಳಿಕೊಂಡರು. ಬಡವರಲ್ಲಿ ಧೂಮಪಾನ ಹೆಚ್ಚಾಗಿ ಉಳಿದುಕೊಂಡಿರುವುದು ಅವರು ಬಿಡಲು ಪ್ರಯತ್ನಿಸುವುದೇ ಇಲ್ಲವೆಂದೋ, ಪ್ರಯತ್ನಿಸಿಯೂ ಗೆಲ್ಲುತ್ತಿಲ್ಲವೆಂದೋ? ಸಿಕ್ಕ ಉತ್ತರದಲ್ಲಿ ಗೊಂದಲವಿರಲಿಲ್ಲ. ಪ್ರಯತ್ನ ಮಾಡುವವರ ಪ್ರಮಾಣ ಎಲ್ಲ ವರ್ಗಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಪ್ರಯತ್ನಿಸಿದವರಲ್ಲಿ ಗೆದ್ದವರ ಪ್ರಮಾಣ ಮಾತ್ರ ತೀರ ಕೆಳಗಿನ ವರ್ಗದಲ್ಲಿ ಮೇಲಿನ ವರ್ಗದ ಸುಮಾರು ಅರ್ಧದಷ್ಟೇ ಇತ್ತು. ಅಂದರೆ ಬಿಡಬೇಕೆಂಬ ಹಂಬಲ ಎಲ್ಲ ಕಡೆಯೂ ಸಮಾನವಾಗಿದೆ, ಆ ಹಂಬಲ ಕೈಗೂಡುವ ಅವಕಾಶ ಸಮಾನವಾಗಿಲ್ಲ. ಈ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಂಡರೆ ಸಿಗರೇಟು ಬಿಡಲಾಗದವರನ್ನು ನಾವು ನೋಡುವ ರೀತಿಯೇ ಬದಲಾಗಬೇಕು.

ದೇಹದ ಲೆಕ್ಕ ಎಲ್ಲರಿಗೂ ಒಂದೇ. ಹೊಗೆಯ ಜೊತೆ ಒಳಹೋದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಇಳಿದಂತೆ ಮತ್ತೆ ಬೇಕೆನ್ನಿಸುತ್ತದೆ. ಬಿಟ್ಟ ಮೊದಲ ವಾರದಲ್ಲಿ ಸಿಡುಕು, ಚಡಪಡಿಕೆ, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಎಲ್ಲವೂ ತುದಿ ಮುಟ್ಟುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತವೆ. ಶ್ರೀಮಂತರ ಮಿದುಳಿಗೂ ಬಡವರ ಮಿದುಳಿಗೂ ಇದರಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಆ ನಾಲ್ಕು ವಾರಗಳನ್ನು ಯಾರು ಎಲ್ಲಿ ಹೇಗೆ ಕಳೆಯುತ್ತಾರೆ ಎಂಬುದರಲ್ಲಿ. ಒಬ್ಬರು ರಜೆ ಹಾಕಿ ಮನೆಯಲ್ಲಿದ್ದು, ಸಿಡುಕಿದರೆ ಸಹಿಸಿಕೊಳ್ಳುವ ಮನೆಯವರ ನಡುವೆ, ವೈದ್ಯರು ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತ ಅದನ್ನು ದಾಟುತ್ತಾರೆ. ಇನ್ನೊಬ್ಬರು ಒಂದು ದಿನ ತಪ್ಪಿಸಿದರೂ ಕೂಲಿ ಕಡಿತವಾಗುವ ಕೆಲಸಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಸಿಡುಕಿದರೆ ಕೆಲಸವೇ ಹೋಗುವ ಭಯದಲ್ಲಿ, ಸೇದುವ ಹತ್ತು ಜನರ ನಡುವೆ ನಿಂತು ಅದನ್ನೇ ದಾಟಬೇಕು. ಇಬ್ಬರಿಗೂ ಒಂದೇ ಉಪದೇಶ ಹೇಳುವುದು ನ್ಯಾಯವಲ್ಲ.

ಹಣದ ವಿಷಯವನ್ನೇ ಮೊದಲು ನೋಡೋಣ. ಕೈ ಖಾಲಿಯಾದರೆ ಚಟ ತಾನಾಗಿ ಬಿಡುತ್ತದೆ ಎಂದು ತಿಳಿದವರು ಬಹಳ. ಆದರೆ ಆಸ್ಟ್ರೇಲಿಯಾ, ಕೆನಡಾ, ಬ್ರಿಟನ್ ಮತ್ತು ಅಮೆರಿಕಗಳ ಸೇದುವವರನ್ನು ಒಟ್ಟಿಗೆ ಅಧ್ಯಯನ ಮಾಡಿದ ಒಂದು ಸಮೀಕ್ಷೆಯಲ್ಲಿ ಕಂಡುಬಂದದ್ದು ಇದಕ್ಕೆ ವಿರುದ್ಧ: ಹಣಕಾಸಿನ ಸಂಕಟದಲ್ಲಿದ್ದವರಿಗೆ ಬಿಡಬೇಕೆಂಬ ಆಸೆ ಉಳಿದವರಿಗಿಂತ ಹೆಚ್ಚಾಗಿಯೇ ಇತ್ತು, ಆದರೆ ಅವರು ಪ್ರಯತ್ನಕ್ಕೆ ಇಳಿಯುವುದೂ ಕಡಿಮೆ, ಗೆಲ್ಲುವುದೂ ಕಡಿಮೆ. ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಾಲದ ಕಂತು, ಮನೆ ಬಾಡಿಗೆ, ಮಕ್ಕಳ ಶುಲ್ಕ ಇವುಗಳ ಚಿಂತೆ ರಾತ್ರಿ ನಿದ್ದೆ ಕೆಡಿಸುತ್ತಿರುವಾಗ, ನಾಳೆಯಿಂದ ಇನ್ನೂ ಒಂದು ಸಂಕಟವನ್ನು ತಾನಾಗಿ ಮೈಮೇಲೆ ಎಳೆದುಕೊಳ್ಳುವ ಧೈರ್ಯ ಯಾರಿಗೆ ಬರುತ್ತದೆ? ಸಿಗರೇಟು ಆತಂಕವನ್ನು ಕಳೆಯುತ್ತದೆ ಎಂಬುದು ಹೆಚ್ಚಿನ ಮಟ್ಟಿಗೆ ಭ್ರಮೆ. ಹಿಂದಿನ ಸಿಗರೇಟಿನ ಅಮಲು ಇಳಿದಾಗ ಹುಟ್ಟಿದ ಚಡಪಡಿಕೆಯನ್ನೇ ಮುಂದಿನದು ಶಮನ ಮಾಡುತ್ತದೆ. ಆದರೆ ಸೇದುವವರಿಗೆ ಆ ಕ್ಷಣದಲ್ಲಿ ಸಿಗುವ ನಿರಾಳ ಭ್ರಮೆಯಾಗಿ ಕಾಣುವುದಿಲ್ಲ. ಬೇರೆ ಯಾವ ನೆಮ್ಮದಿಯೂ ಕೈಗೆಟುಕದ ದಿನದಲ್ಲಿ ಐದು ನಿಮಿಷದ ಆ ನಿರಾಳವನ್ನು ಕಿತ್ತುಕೊಳ್ಳಲು ಹೊರಟವರು ಬದಲಿಗೆ ಏನು ಕೊಡುತ್ತೇವೆ ಎಂಬುದನ್ನೂ ಹೇಳಬೇಕು.

ಖರ್ಚು ಕಣ್ಣಿಗೆ ಬೀಳುವ ರೀತಿಯೂ ಇಲ್ಲಿ ಮುಖ್ಯ. ತಿಂಗಳ ಸಂಬಳ ಕೈಗೆ ಬರುವವರು ಪ್ಯಾಕುಗಟ್ಟಲೆ ಕೊಳ್ಳುತ್ತಾರೆ. ಒಂದು ದಿನ ಕೂತು ವರ್ಷಕ್ಕೆ ಎಷ್ಟಾಯಿತೆಂದು ಗುಣಿಸಿದರೆ ಎದೆ ಧಸಕ್ಕೆನ್ನುತ್ತದೆ. ದಿನದ ದುಡಿಮೆಯಲ್ಲಿ ಬದುಕುವವರು ಒಂದೊಂದಾಗಿ ಬಿಡಿ ಸಿಗರೇಟು ಕೊಳ್ಳುತ್ತಾರೆ. ಚಿಲ್ಲರೆ ನಾಣ್ಯಗಳಲ್ಲಿ ಮುಗಿದುಹೋಗುವ ಆ ಖರ್ಚು ಎಲ್ಲಿಯೂ ಒಟ್ಟಾಗಿ ಕಾಣಿಸುವುದಿಲ್ಲ, ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರವೂ ಅವರ ಕೈಗೆ ಬರುವುದಿಲ್ಲ. ಬಿಡಲು ಯತ್ನಿಸುತ್ತಿರುವವರಿಗೆ ಇದರಿಂದ ಇನ್ನೊಂದು ತೊಂದರೆಯಿದೆ. ಇಡೀ ಪ್ಯಾಕು ಕೊಳ್ಳುವುದೆಂದರೆ ಮತ್ತೆ ಶುರುಮಾಡಿದೆನೆಂದು ಒಪ್ಪಿಕೊಂಡ ಹಾಗೆ. ಬಿಡಿಯಾಗಿ ಒಂದು ಕೊಳ್ಳುವುದಕ್ಕೆ ಅಂಥ ಒಪ್ಪಿಗೆ ಬೇಕಾಗಿಲ್ಲ, ಇವತ್ತಿಗೊಂದೇ ಒಂದು ಎಂದರೆ ಸಾಕು. 2003ರಲ್ಲಿ ಅಂಗೀಕಾರವಾಗಿ 2005ರಲ್ಲಿ ಜಾರಿಗೆ ಬಂದ, ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವು ಬಿಡಿ ಸಿಗರೇಟು ಮತ್ತು ಸಣ್ಣ ಪೊಟ್ಟಣಗಳ ಮಾರಾಟವನ್ನು ತಡೆಯಲು ಯತ್ನಿಸಬೇಕೆಂದು ಸದಸ್ಯ ದೇಶಗಳಿಗೆ ಹೇಳಿದೆ. ಒಪ್ಪಂದದಲ್ಲಿ ಒಂದು ಸಾಲಿನಷ್ಟು ಜಾಗ ಪಡೆದ ಈ ನಿಯಮ ಬಡವರ ಪಾಲಿಗೆ ಬಹಳ ದೊಡ್ಡದೆಂದು ನಾನು ಭಾವಿಸುತ್ತೇನೆ.

ಬೆಲೆ ಏರಿಸುವುದರ ಪರಿಣಾಮದ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಬೆಲೆ 10% ಏರಿದರೆ ಬಳಕೆ ಶ್ರೀಮಂತ ದೇಶಗಳಲ್ಲಿ ಸುಮಾರು 4%, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 5% ಇಳಿಯುತ್ತದೆ. ಒಂದೇ ದೇಶದೊಳಗೂ ಹದಿಹರೆಯದವರು ಮತ್ತು ಬಡವರು ಬೆಲೆ ಏರಿಕೆಗೆ ಬೇಗ ಸ್ಪಂದಿಸುತ್ತಾರೆ. ಚಿಲ್ಲರೆ ಬೆಲೆಯ 75% ಭಾಗವಾದರೂ ತೆರಿಗೆಯಾಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿರುವುದು ಇದೇ ಕಾರಣಕ್ಕೆ. ತೆರಿಗೆ ಏರಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ವಾದ ಮಾಡುವವರು ಅರ್ಧದಲ್ಲಿ ನಿಲ್ಲಿಸಿಬಿಡುವುದು ನನಗೆ ನೋವಿನ ವಿಷಯ. ತೆರಿಗೆ ಏರಿದಾಗ ಬಿಟ್ಟವರಿಗೆ ಒಳ್ಳೆಯದಾಗುತ್ತದೆ. ಬಿಡಲಾಗದೆ ಉಳಿದವರು? ಅವರು ಅಗ್ಗದ ಬ್ರ್ಯಾಂಡಿಗೆ ಇಳಿಯುತ್ತಾರೆ, ಒಂದನ್ನು ಎರಡು ಸಲ ಮಾಡಿ ಸೇದುತ್ತಾರೆ, ಕೊನೆಯ ತುದಿಯವರೆಗೆ ಆಳವಾಗಿ ಎಳೆಯುತ್ತಾರೆ, ಆಮೇಲೆ ಮನೆಯ ಬೇರೆ ಖರ್ಚಿಗೆ ಕತ್ತರಿ ಹಾಕುತ್ತಾರೆ. ಹೆಚ್ಚು ಅವಲಂಬನೆಯಿರುವ, ಹೆಚ್ಚು ಸಂಕಟದಲ್ಲಿರುವ ಮನುಷ್ಯನೇ ಹೀಗೆ ಅತಿ ಹೆಚ್ಚು ತೆರಿಗೆ ಕಟ್ಟುವವನಾಗುತ್ತಾನೆ. ಅವನಿಂದ ಬಂದ ಆ ಹಣದ ಒಂದು ಪಾಲಾದರೂ ಅವನಿಗೆ ಮಾತ್ರೆಯಾಗಿ, ಸಲಹೆಯಾಗಿ, ನೆರವಾಗಿ ಹಿಂದಿರುಗದಿದ್ದರೆ ಆ ತೆರಿಗೆಯ ಕೆಲಸ ಅರ್ಧವೇ ಆಯಿತು.

ಹಿಂದಿರುಗಿಸಬೇಕಾದ ನೆರವು ಏನೆಂಬುದು ಗೊತ್ತಿಲ್ಲದ ವಿಷಯವಲ್ಲ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಮತ್ತು ಅಗಿಯುವ ನಿಕೋಟಿನ್ ಗಮ್ 2009ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿ ಸೇರಿದವು. 2021ರಲ್ಲಿ ವರೆನಿಕ್ಲಿನ್ ಮತ್ತು ಬುಪ್ರೋಪಿಯಾನ್ ಎಂಬ, ಬಿಡಲು ನೆರವಾಗುವ ಮಾತ್ರೆಗಳು ಸೇರಿದವು. ಪೂರ್ವ ಯುರೋಪಿನಲ್ಲಿ 1960ರ ದಶಕದಿಂದಲೇ ಬಳಕೆಯಲ್ಲಿರುವ, ಸಸ್ಯಮೂಲದ, ಅಗ್ಗವಾಗಿ ತಯಾರಿಸಬಹುದಾದ ಸೈಟಿಸಿನ್ ಎಂಬ ಔಷಧವೂ ಇದೆ. 2024ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರು ತಂಬಾಕು ಬಿಡಲು ನೆರವಾಗುವ ತನ್ನ ಮೊದಲ ಚಿಕಿತ್ಸಾ ಮಾರ್ಗಸೂಚಿಯನ್ನು ಹೊರತಂದಾಗ ಇವೆಲ್ಲವನ್ನೂ ಶಿಫಾರಸು ಮಾಡಿತು. ಅದೇ ಸಂದರ್ಭದಲ್ಲಿ ಅದು ಕೊಟ್ಟ ಅಂಕಿಗಳು ನನ್ನನ್ನು ಬಹಳ ಕಾಡಿವೆ: ಜಗತ್ತಿನ 125 ಕೋಟಿ ತಂಬಾಕು ಬಳಕೆದಾರರಲ್ಲಿ 60%ಕ್ಕೂ ಹೆಚ್ಚು ಮಂದಿ, ಅಂದರೆ 75 ಕೋಟಿಗೂ ಮಿಕ್ಕಿ ಜನ, ಬಿಡಬೇಕೆಂದು ಬಯಸುತ್ತಾರೆ, ಆದರೆ 70% ಮಂದಿಗೆ ಪರಿಣಾಮಕಾರಿ ನೆರವು ಸಿಗುವುದಿಲ್ಲ.

ಔಷಧ ಅಂಗಡಿಯಲ್ಲಿ ಇರುವುದು ಬೇರೆ, ಕೈಗೆಟುಕುವುದು ಬೇರೆ. ಹಲವು ವಾರಗಳ ಔಷಧಕ್ಕೆ ಒಂದೇ ಸಲ ಹಣ ಹೊಂದಿಸಬೇಕು. ಸಿಗರೇಟಿಗೆ ಹಾಗಿಲ್ಲ, ಇವತ್ತಿನದಕ್ಕೆ ಇವತ್ತು ಕೊಟ್ಟರೆ ಸಾಕು. ವರ್ಷದ ಲೆಕ್ಕದಲ್ಲಿ ಔಷಧ ಎಷ್ಟೇ ಅಗ್ಗವೆಂದು ತೋರಿಸಿದರೂ, ಒಟ್ಟಿಗೆ ಅಷ್ಟು ದುಡ್ಡು ಯಾವತ್ತೂ ಕೈಯಲ್ಲಿ ನಿಲ್ಲದವರಿಗೆ ಆ ಲೆಕ್ಕದಿಂದ ಪ್ರಯೋಜನವಿಲ್ಲ. ಅದರ ಮೇಲೆ ವೈದ್ಯರನ್ನು ಕಾಣಲು ಅರ್ಧ ದಿನದ ದುಡಿಮೆ ಬಿಡಬೇಕು. ಸಾಲಿನಲ್ಲಿ ಕಾದು ಒಳಗೆ ಹೋದರೆ, ಇನ್ನೂ ಬಿಟ್ಟಿಲ್ಲವೇ ಎಂಬ ಗದರಿಕೆ ಕೇಳಿ ಬರಬೇಕು. ಒಂದು ಸಲ ಗದರಿಸಿಕೊಂಡವರು ಮತ್ತೊಮ್ಮೆ ಆ ಬಾಗಿಲಿಗೆ ಹೋಗುವುದು ಕಡಿಮೆ. ನೆರವನ್ನು ನಿಜವಾಗಿ ಉಚಿತವಾಗಿ, ಕೆಲಸದ ಜಾಗಕ್ಕೆ ಹತ್ತಿರದಲ್ಲಿ, ಕೆಲಸದ ವೇಳೆಗೆ ಅಡ್ಡಿಯಾಗದಂತೆ ಒದಗಿಸುವುದೊಂದೇ ಇದಕ್ಕೆ ದಾರಿ. ಉಳಿದದ್ದೆಲ್ಲ ಕಾಗದದ ಮೇಲಿನ ಸವಲತ್ತು.

ಕೆಲಸದ ಜಾಗದ ಬಗ್ಗೆ ನನಗೆ ಹೆಚ್ಚು ಹೇಳಬೇಕಾಗಿದೆ. ನನ್ನ ಸ್ನೇಹಿತರೊಬ್ಬರು ಸರಕು ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆಗಳನ್ನು ವಿಂಗಡಿಸುವ ಕೆಲಸ ಮಾಡುತ್ತಿದ್ದರು. ಅಲ್ಲಿ ಬಿಡುವೆಂಬುದು ನಿಯಮದಲ್ಲಿ ಊಟದ ಹೊತ್ತಿಗೆ ಮಾತ್ರ. ಆದರೆ ಸೇದುವವರು ನಡುನಡುವೆ ಹಿಂಬಾಗಿಲಿನಿಂದ ಹೊರಗೆ ಹೋಗಿಬರುವುದನ್ನು ಮೇಲ್ವಿಚಾರಕರು ಕಂಡೂ ಕಾಣದಂತೆ ಬಿಡುತ್ತಿದ್ದರು, ಏಕೆಂದರೆ ಅವರೂ ಸೇದುವವರೇ. ಆ ಹಿಂಬಾಗಿಲಿನ ಆಚೆ ಒಂದು ಕಬ್ಬಿಣದ ಮೆಟ್ಟಿಲಿತ್ತು. ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತು, ಬಗ್ಗಿ ಬಗ್ಗಿ ಹಿಡಿದುಹೋದ ಬೆನ್ನನ್ನು ಗೋಡೆಗೆ ಆನಿಸಿ, ಒಬ್ಬರ ಸಿಗರೇಟಿನ ತುದಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುತ್ತ ಅವರು ಮಾತಾಡುತ್ತಿದ್ದರು. ಮುಂದಿನ ವಾರ ಯಾರಿಗೆ ಹಗಲು ಪಾಳಿ ಸಿಗುತ್ತದೆ, ಎಲ್ಲಿ ಹೊಸದಾಗಿ ಜನ ತೆಗೆದುಕೊಳ್ಳುತ್ತಿದ್ದಾರೆ, ಯಾರಿಗೆ ಮುಂಗಡ ಕೊಟ್ಟರು ಎಂಬ ಸುದ್ದಿಗಳೆಲ್ಲ ಮೊದಲು ಬರುತ್ತಿದ್ದದ್ದು ಆ ಮೆಟ್ಟಿಲಿಗೆ.

ಸ್ನೇಹಿತರು ಸಿಗರೇಟು ಬಿಟ್ಟರು. ಬಿಟ್ಟ ಕೆಲವೇ ದಿನಗಳಲ್ಲಿ ಅವರಿಗೆ ಅರಿವಾದದ್ದೇನೆಂದರೆ, ಸಿಗರೇಟಿನ ಜೊತೆ ಬಿಡುವೂ ಹೋಗಿತ್ತು. ಸೇದದವರು ಹೊರಗೆ ಹೋಗಿ ನಿಂತರೆ ಅದು ಮೈಗಳ್ಳತನ. ಒಳಗೆ ಉಳಿದರೆ ಹೊರಗೆ ಹೋದವರ ಪಾಲಿನ ಪೆಟ್ಟಿಗೆಗಳೂ ಇವರ ಮುಂದೆಯೇ ಬರುತ್ತಿದ್ದವು. ಪಾಳಿ ಬದಲಾದ ಸುದ್ದಿ ಇವರಿಗೆ ಕೊನೆಗೆ ಗೊತ್ತಾಗತೊಡಗಿತು. ಮೊದಮೊದಲು ಸುಮ್ಮನೆ ಜೊತೆಯಲ್ಲಿ ಕೂತುಬರುತ್ತೇನೆಂದು ಹೋದರು. ಮೆಟ್ಟಿಲ ಮೇಲೆ ಕೂತವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಪಕ್ಕದವರು ಪ್ರೀತಿಯಿಂದಲೇ ಪ್ಯಾಕು ಚಾಚುತ್ತಿದ್ದರು, ಬೇಡವೆಂದರೆ ಸರಿ ಎಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಹೀಗೆ ಚಾಚುವುದು, ಬೇಡವೆನ್ನುವುದು ಒಂದು ರಾತ್ರಿಯಲ್ಲಿ ಎಷ್ಟು ಸಲ ನಡೆಯಬಹುದು, ಬೆನ್ನು ಬಿದ್ದುಹೋಗುವಂತಿರುವ ಬೆಳಗಿನ ಜಾವದಲ್ಲಿ ಎಷ್ಟು ಸಲ ಬೇಡವೆನ್ನಲು ಸಾಧ್ಯ ಎಂಬುದನ್ನು ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನುವವರು ಒಮ್ಮೆ ಊಹಿಸಿಕೊಳ್ಳಬೇಕು. ಸ್ನೇಹಿತರು ಮತ್ತೆ ಸೇದಲು ಶುರುಮಾಡಿದರು. ಅವರನ್ನು ಸೋಲಿಸಿದ್ದರಲ್ಲಿ ನಿಕೋಟಿನ್ನಿನ ಪಾಲೆಷ್ಟು, ಆ ಗೋದಾಮು ಬಿಡುವು ಹಂಚುತ್ತಿದ್ದ ರೀತಿಯ ಪಾಲೆಷ್ಟು ಎಂದು ಯೋಚಿಸಿದಾಗ ಎರಡನೆಯದರ ಪಾಲೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕೆಲಸದ ಜಾಗವನ್ನು ಬದಲಿಸಿದರೆ ಸೇದುವುದೂ ಬದಲಾಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆಯಿದೆ. 2004ರ ಮಾರ್ಚ್‌ನಲ್ಲಿ ಐರ್ಲೆಂಡ್ ಒಳಾಂಗಣದ ಕೆಲಸದ ಜಾಗಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವಂತೆ ಹೀಗೆ ಮಾಡಿದ ಮೊದಲ ದೇಶ ಅದು. ಅದಕ್ಕೂ ಮೊದಲೇ, 2002ರಲ್ಲಿ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆಯು, ಪೂರ್ತಿ ಹೊಗೆಮುಕ್ತವಾದ ಕೆಲಸದ ಜಾಗಗಳಲ್ಲಿ ಸೇದುವವರ ಪ್ರಮಾಣ 3.8 ಶೇಕಡಾಂಶ ಕಡಿಮೆಯಾಗುತ್ತದೆಂದೂ, ಮುಂದುವರಿಸಿದವರೂ ದಿನಕ್ಕೆ ಸರಾಸರಿ 3 ಸಿಗರೇಟಿನಷ್ಟು ಕಡಿಮೆ ಸೇದುತ್ತಾರೆಂದೂ ತೋರಿಸಿತ್ತು. ಆದರೆ ಇಂಥ ನಿಯಮದ ನೆರಳು ಮೊದಲು ಬೀಳುವುದು ಕಚೇರಿಗಳ ಮೇಲೆ. ತೆರೆದ ಬಯಲಿನಲ್ಲಿ, ಕಟ್ಟಡ ಕಟ್ಟುವ ಕಡೆ, ವಾಹನಗಳಲ್ಲಿ, ನಾಲ್ಕಾರು ಜನರ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಅದು ತಲುಪುವುದು ತಡವಾಗಿ, ಕೆಲವೊಮ್ಮೆ ತಲುಪುವುದೇ ಇಲ್ಲ. ಹಾಗೆಯೇ ಸೇದುವುದನ್ನು ಬರೀ ನಿಷೇಧಿಸಿ, ದುಡಿಯುವವರಿಗೆ ಬಿಡುವನ್ನು ಹಕ್ಕಾಗಿ ಕೊಡದೆ ಇದ್ದರೆ, ಆ ಕಬ್ಬಿಣದ ಮೆಟ್ಟಿಲು ಇನ್ನಷ್ಟು ದೂರಕ್ಕೆ ಸರಿಯುತ್ತದೆ, ಅಷ್ಟೇ.

ಸಹವಾಸದ ಶಕ್ತಿಯನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಪ್ರಸಿದ್ಧ ಹೃದ್ರೋಗ ಅಧ್ಯಯನದ ದಾಖಲೆಗಳನ್ನು ಇಟ್ಟುಕೊಂಡು, 1971ರಿಂದ 2003ರವರೆಗಿನ ಅವಧಿಯಲ್ಲಿ 12,067 ಜನರ ಪರಸ್ಪರ ಸಂಬಂಧಗಳನ್ನು ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ 67% ಇಳಿಯುತ್ತಿತ್ತು; ಸ್ನೇಹಿತರು ಬಿಟ್ಟರೆ 36%, ಸಣ್ಣ ಸಂಸ್ಥೆಗಳಲ್ಲಿ ಸಹೋದ್ಯೋಗಿ ಬಿಟ್ಟರೆ 34%, ಒಡಹುಟ್ಟಿದವರು ಬಿಟ್ಟರೆ 25%. ಒಡಹುಟ್ಟಿದವರಿಗಿಂತ ಜೊತೆಗೆ ಕೆಲಸ ಮಾಡುವವರ ಪ್ರಭಾವ ಹೆಚ್ಚಿರುವುದನ್ನು ಗಮನಿಸಬೇಕು. ಆ ಮೂವತ್ತು ವರ್ಷಗಳಲ್ಲಿ ಜನ ಬಿಡಿಬಿಡಿಯಾಗಿ ಸಿಗರೇಟು ಬಿಡಲಿಲ್ಲ, ಗುಂಪುಗುಂಪಾಗಿ ಬಿಟ್ಟರು. ಉಳಿದ ಸೇದುವವರು ಸ್ನೇಹವಲಯದ ನಡುವಿನಿಂದ ಅಂಚಿಗೆ ಸರಿದರು. ಓದಿದವರ ನಡುವೆ ಈ ಪ್ರಭಾವ ಇನ್ನೂ ಬಲವಾಗಿತ್ತು.

ಬಿಡುವ ಗುಂಪಿನಲ್ಲಿ ಇರುವವರಿಗೆ ಇದು ಒಳ್ಳೆಯ ಸುದ್ದಿ. ಆದರೆ ತಂದೆ, ಅಣ್ಣ, ನೆರೆಯವರು, ಜೊತೆಗೆ ದುಡಿಯುವವರು ಎಲ್ಲರೂ ಸೇದುವ ವಲಯದಲ್ಲಿ ಹುಟ್ಟಿ ಬೆಳೆದವರಿಗೆ ಬಿಡುವುದೆಂದರೆ ಒಂದು ಅಭ್ಯಾಸವನ್ನು ಬಿಡುವುದಷ್ಟೇ ಅಲ್ಲ, ತಮ್ಮವರಿಂದ ಸ್ವಲ್ಪ ದೂರ ನಿಲ್ಲುವುದು. ಕಷ್ಟಕಾಲದಲ್ಲಿ ಸಾಲ ಕೊಡುವವರು, ಮಗುವಿಗೆ ಕಾಯಿಲೆಯಾದರೆ ಓಡಿಬರುವವರು, ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಿಕೊಡುವವರು ಅವರೇ. ಇಂಥ ಆಸರೆ ಎಷ್ಟು ಬೆಲೆಯುಳ್ಳದ್ದೆಂಬುದು ಬೇರೆ ಆಸರೆ ಇಲ್ಲದವರಿಗೆ ಚೆನ್ನಾಗಿ ಗೊತ್ತು. ಅವರು ಚಾಚಿದ ಸಿಗರೇಟನ್ನು ನಿರಾಕರಿಸುವುದು, ನಿಮಗಿಂತ ನಾನು ಮೇಲು ಎಂದಂತೆ ಕೇಳಿಸಬಹುದೆಂಬ ಅಳುಕು ಸುಳ್ಳಲ್ಲ. ಹಾಗಾಗಿ ಒಬ್ಬೊಬ್ಬರನ್ನೇ ಪ್ರತ್ಯೇಕಿಸಿ ಸಲಹೆ ಕೊಡುವುದಕ್ಕಿಂತ ಒಂದು ಮನೆಯವರನ್ನೋ ಒಂದು ಪಾಳಿಯವರನ್ನೋ ಒಟ್ಟಿಗೆ ಕರೆದು ನೆರವಾಗುವುದು ಹೆಚ್ಚು ಸಹಜವೆಂದು ನನ್ನ ನಂಬಿಕೆ.

ಗುಟ್ಟಾಗಿ ಸೇದುವವರ ಕಥೆ ಇದಕ್ಕಿಂತ ಕಠಿಣ. ಹೆಂಗಸರು ಸೇದುವುದನ್ನು ಅವಮಾನವೆಂದು ಕಾಣುವ ಸಮಾಜಗಳಲ್ಲಿ ಸೇದುವ ಹೆಂಗಸರು ಅದನ್ನು ಯಾರಲ್ಲಿಯೂ ಹೇಳಿಕೊಳ್ಳುವಂತಿಲ್ಲ. ದಕ್ಷಿಣ ಕೊರಿಯಾದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಮೂತ್ರ ಪರೀಕ್ಷೆಯ ಮೂಲಕ ನಿಕೋಟಿನ್ನಿನ ಕುರುಹು ಹುಡುಕಿದಾಗ, ಸೇದುವ ಹೆಂಗಸರ ಪ್ರಮಾಣ ಅವರು ಬಾಯಿಬಿಟ್ಟು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಹೇಳಿಕೊಳ್ಳದವರಿಗೆ ಔಷಧ ಬರೆದುಕೊಡುವವರಿಲ್ಲ, ಬಿಟ್ಟ ಮೊದಲ ವಾರದ ಸಿಡುಕಿಗೆ ಕಾರಣ ಕೇಳಿ ಸಹಿಸಿಕೊಳ್ಳುವವರಿಲ್ಲ, ಬಿಟ್ಟಾಗ ಬೆನ್ನು ತಟ್ಟುವವರಂತೂ ಇಲ್ಲವೇ ಇಲ್ಲ. ನಾಚಿಕೆ ಹುಟ್ಟಿಸಿದರೆ ಚಟ ಬಿಡುತ್ತಾರೆಂದು ನಂಬುವವರು ಇದನ್ನು ಒಂದು ಗಳಿಗೆ ಯೋಚಿಸಬೇಕು. ನಾಚಿಕೆ ಹೊಸಬರನ್ನು ಸೇದದಂತೆ ತಡೆಯಬಹುದೇನೋ. ಸೇದುವವರು ನೆರವು ಕೇಳುವುದನ್ನು ಮಾತ್ರ ಖಂಡಿತವಾಗಿ ತಡೆಯುತ್ತದೆ.

ಧೂಮಪಾನ ಹಿಂದಿನಿಂದಲೂ ಬಡವರ ಚಟವಾಗಿತ್ತೆಂದು ತಿಳಿಯಬಾರದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ವೈದ್ಯರೂ ವಕೀಲರೂ ಕಾರ್ಮಿಕರೂ ಸಮನಾಗಿ ಸೇದುತ್ತಿದ್ದರು. ಅಮೆರಿಕದ ಸೈನಿಕರಿಗೆ 1975ರವರೆಗೂ ಊಟದ ಪೊಟ್ಟಣದ ಜೊತೆ ಸಿಗರೇಟು ಸಿಗುತ್ತಿತ್ತು. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರನ್ನೇ ಅಧ್ಯಯನಕ್ಕೆ ಆರಿಸಿಕೊಂಡು, ಹೊಗೆಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಸ್ಥಿರಪಡಿಸಿದರು. ಮೊದಲು ಬಿಡತೊಡಗಿದವರಲ್ಲಿ ಆ ವೈದ್ಯರೂ ಇದ್ದರು. 1964ರಲ್ಲಿ, ಸೇದುವುದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಸಾರಿದ, ಅಮೆರಿಕದ ಸರ್ಜನ್ ಜನರಲ್ (ಸರ್ಕಾರದ ಉನ್ನತ ಆರೋಗ್ಯಾಧಿಕಾರಿ) ವರದಿ ಬಂತು. 1965ರಲ್ಲಿ ಆ ದೇಶದ ವಯಸ್ಕರಲ್ಲಿ ಸುಮಾರು 42% ಮಂದಿ ಸೇದುತ್ತಿದ್ದರು. 2022ರ ಹೊತ್ತಿಗೆ ಆ ಪ್ರಮಾಣ 12%ರ ಆಸುಪಾಸಿಗೆ ಇಳಿದಿತ್ತು. ಬಿಟ್ಟುಹೋದವರಲ್ಲಿ ಓದಿದವರು, ಆದಾಯ ಚೆನ್ನಾಗಿರುವವರು ಮುಂದಿದ್ದರು. ಉಳಿದವರಲ್ಲಿ ಕಡಿಮೆ ಓದಿದವರು, ಕಡಿಮೆ ಆದಾಯದವರು, ಮಾನಸಿಕ ಕಾಯಿಲೆಯಿಂದ ನರಳುವವರು ಹೆಚ್ಚು. ಇಂದು ಜಗತ್ತಿನ ತಂಬಾಕು ಬಳಕೆದಾರರಲ್ಲಿ ಸುಮಾರು 80% ಮಂದಿ ಇರುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ವೈದ್ಯರು ಮೊದಲು ಬಿಟ್ಟದ್ದು ಅವರ ಮನಸ್ಸು ಉಳಿದವರಿಗಿಂತ ಗಟ್ಟಿಯಾಗಿತ್ತೆಂದಲ್ಲ. ಸುದ್ದಿ ಅವರಿಗೆ ಮೊದಲು ತಲುಪಿತು, ಜೊತೆಯವರೂ ಬಿಡುತ್ತಿದ್ದರು, ನಾಳೆಯ ಬದುಕಿನ ಬಗ್ಗೆ ಭರವಸೆಯಿತ್ತು. ಅರುವತ್ತರ ನಂತರವೂ ಬದುಕು ಚೆನ್ನಾಗಿರುತ್ತದೆ ಎಂಬ ನಂಬಿಕೆಯಿದ್ದವರಿಗೆ ಅರುವತ್ತರ ನಂತರದ ಆರೋಗ್ಯಕ್ಕಾಗಿ ಇವತ್ತು ಕಷ್ಟಪಡುವುದು ಸುಲಭವಾಗುತ್ತದೆ.

ಆ ಭರವಸೆಗೆ ಆಧಾರವಿದೆ ಎಂಬುದನ್ನೂ ಹೇಳಲೇಬೇಕು. ಅದೇ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸೇದುತ್ತಲೇ ಇದ್ದವರು ಎಂದೂ ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡರು. ಆದರೆ 60ರ ವಯಸ್ಸಿನಲ್ಲಿ ಬಿಟ್ಟವರಿಗೆ 3, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9, 30ರಲ್ಲಿ ಬಿಟ್ಟವರಿಗೆ ಹೆಚ್ಚುಕಡಿಮೆ ಆ 10 ವರ್ಷಗಳೂ ಮರಳಿ ಸಿಕ್ಕವು. ತಡವಾಯಿತೆಂದು ಕೈಚೆಲ್ಲಬೇಕಾದ ವಯಸ್ಸು ಅದರಲ್ಲಿ ಯಾವುದೂ ಇಲ್ಲ.

ಹಣವನ್ನೇ ಪ್ರೋತ್ಸಾಹವಾಗಿ ಕೊಟ್ಟರೆ ಹೇಗೆ ಎಂಬ ಪ್ರಯೋಗಗಳೂ ನಡೆದಿವೆ. ಅಮೆರಿಕದ ಒಂದು ದೊಡ್ಡ ಕಂಪನಿಯ 878 ನೌಕರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಡಲು ನೆರವಿನ ಮಾಹಿತಿ ಮಾತ್ರ ಸಿಕ್ಕವರ ಪೈಕಿ 5% ಮಂದಿ ದೀರ್ಘಕಾಲ ಬಿಟ್ಟಿದ್ದರೆ, ಜೊತೆಗೆ ಒಟ್ಟು 750 ಡಾಲರಿನವರೆಗೆ ನಗದು ಬಹುಮಾನದ ಭರವಸೆ ಇದ್ದವರಲ್ಲಿ 14.7% ಮಂದಿ ಬಿಟ್ಟಿದ್ದರು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡು ಬಗೆಯ ಕೊಡುಗೆಗಳನ್ನು ಹೋಲಿಸಲಾಯಿತು. ಒಂದರಲ್ಲಿ ಬಿಟ್ಟರೆ ಬಹುಮಾನ. ಇನ್ನೊಂದರಲ್ಲಿ ಸೇದುವವರು ಮೊದಲೇ ಸ್ವಲ್ಪ ಹಣ ಠೇವಣಿಯಿಡಬೇಕು, ಬಿಟ್ಟರೆ ಅದೂ ಜೊತೆಗೆ ಬಹುಮಾನವೂ ಸಿಗುತ್ತದೆ, ಬಿಡದಿದ್ದರೆ ಠೇವಣಿ ಹೋಗುತ್ತದೆ. ಬಹುಮಾನದ ಕೊಡುಗೆಯನ್ನು 90% ಮಂದಿ ಒಪ್ಪಿದರೆ ಠೇವಣಿಯದನ್ನು ಒಪ್ಪಿದವರು 13.7% ಮಾತ್ರ. ಠೇವಣಿಗೆ ಒಪ್ಪುವಂಥವರಲ್ಲಿ ಅದೇ ಹೆಚ್ಚು ಪರಿಣಾಮಕಾರಿಯಾಗಿತ್ತು ಎಂಬುದು ನಿಜ. ಆದರೆ ಒಪ್ಪದವರಲ್ಲಿ ಠೇವಣಿಯಿಡಲು ಹಣವೇ ಇಲ್ಲದವರೂ ಇರುತ್ತಾರಲ್ಲವೇ? ಅವರನ್ನು ಹಿಂಜರಿಯುವವರೆಂದು ಕರೆದು ಬದಿಗಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಣ ಕೊಟ್ಟು ಬಿಡಿಸುವುದು ಅಸಹ್ಯವೆನ್ನುವವರಿದ್ದಾರೆ. ಕೈಯಲ್ಲಿ ಏನೂ ಇಲ್ಲದ ಮನುಷ್ಯನಿಗೆ ಮೊದಲ ಕೆಲವು ತಿಂಗಳು ಸಿಗುವ ಸ್ವಲ್ಪ ಹಣ, ಆತ ಒಂದು ಪಾಳಿ ಕಡಿಮೆ ದುಡಿದು ಮೈಗೆ ವಿಶ್ರಾಂತಿ ಕೊಡಲು ನೆರವಾದರೆ ಅದರಲ್ಲಿ ಅಸಹ್ಯಪಡುವಂಥದ್ದೇನೂ ನನಗೆ ಕಾಣುವುದಿಲ್ಲ.

ಮತ್ತೆ ಹಿಡಿಯುವುದರ ಬಗ್ಗೆ ಒಂದು ಮಾತು ಉಳಿದಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸೇದುವವರನ್ನು ಆಧರಿಸಿದ, 2016ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, ಅನೇಕರಿಗೆ ಪೂರ್ತಿಯಾಗಿ ಬಿಡುವ ಮೊದಲು 30 ಅಥವಾ ಅದಕ್ಕಿಂತ ಹೆಚ್ಚು ಪ್ರಯತ್ನಗಳು ಬೇಕಾಗಬಹುದು. ಆದರೆ ನೆರವಿನ ಕಾರ್ಯಕ್ರಮಗಳು ಸಾಮಾನ್ಯವಾಗಿ ಕೆಲವು ವಾರಗಳಿಗೆ ಮುಗಿಯುತ್ತವೆ. ದೇಹದ ಚಡಪಡಿಕೆಗೆ ಅಷ್ಟು ಸಾಕಾಗಬಹುದು. ಬದುಕಿನ ಚಡಪಡಿಕೆಗೆ ಸಾಲದು. ಆರು ತಿಂಗಳು ಮುಟ್ಟದೆ ಇದ್ದವರು ಮತ್ತೆ ಹಚ್ಚುವುದು ಕೆಲಸ ಹೋದ ದಿನ, ಸಾಲ ಕೊಟ್ಟವರು ಬಾಗಿಲಿಗೆ ಬಂದ ದಿನ, ಮನೆಯಲ್ಲಿ ಸಾವಾದ ದಿನ. ಅಂಥ ದಿನಗಳು ಎಲ್ಲರಿಗೂ ಬರುತ್ತವೆ, ಕೆಲವರಿಗೆ ಪದೇ ಪದೇ ಬರುತ್ತವೆ.

ಗೋದಾಮಿನ ಆ ಸ್ನೇಹಿತರು ಈಗ ಸೇದುವುದಿಲ್ಲ. ಅವರಿಗೆ ಹಗಲು ಪಾಳಿಯ ಬೇರೆ ಕೆಲಸ ಸಿಕ್ಕಿತು. ಅಲ್ಲಿ ಎಲ್ಲರಿಗೂ ನಿಗದಿಯಾದ ಬಿಡುವಿತ್ತು, ಜೊತೆಯವರಲ್ಲಿ ಸೇದುವವರು ಕಡಿಮೆ. ಅವರ ತಮ್ಮನೂ ಅದೇ ಸಮಯಕ್ಕೆ ಬಿಡಲು ನಿರ್ಧರಿಸಿದ್ದ. ಹೇಗೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ಅವರು ಪಾಳಿಯ ವಿಷಯವನ್ನೇ ಮೊದಲು ಹೇಳುತ್ತಾರೆ. ಅಲ್ಲಿಯವರೆಗೆ ಅವರು ಕಂಡ ವೈದ್ಯರಲ್ಲಿ ಒಬ್ಬರೂ ಕೆಲಸ ಎಲ್ಲಿ, ಎಷ್ಟು ಹೊತ್ತು, ನಡುವೆ ಬಿಡುವಿದೆಯೇ, ಮನೆಯಲ್ಲಿ ಬೇರೆ ಯಾರು ಸೇದುತ್ತಾರೆ, ಸಾಲವೇನಾದರೂ ಇದೆಯೇ ಎಂದು ಕೇಳಿರಲಿಲ್ಲ. ದಿನಕ್ಕೆ ಎಷ್ಟು ಸೇದುತ್ತೀರಿ ಎಂದು ಕೇಳಿ ಬರೆದುಕೊಳ್ಳುವ ಹಾಳೆಯಲ್ಲಿಯೇ ಈ ನಾಲ್ಕಾರು ಪ್ರಶ್ನೆಗಳಿಗೂ ಜಾಗ ಮಾಡಿ, ಬಂದ ಉತ್ತರಕ್ಕೆ ತಕ್ಕ ನೆರವನ್ನು ಹೊಂದಿಸಿಕೊಡುವ ಕೆಲಸಕ್ಕೆ ಚಿಕಿತ್ಸಾಲಯಗಳೂ ಕೆಲಸ ಕೊಡುವವರೂ ತೆರಿಗೆ ವಸೂಲು ಮಾಡುವ ಸರ್ಕಾರಗಳೂ ಒಟ್ಟಾಗಿ ಇಳಿಯಬೇಕು.